ಮಾಜಾಳಿ ಗಡಿಯಲ್ಲಿ ಮಾಹಿತಿ ಹಂಚಿಕೆ: ಕರಡಿನ ಜಗಳ ಎಲ್ಲೆಲ್ಲಿ

ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಗೋವಾದ ಪೋಳೆಂ. ಹೆದ್ದಾರಿ 66 ಒಂದೇ, ಪೊಲೀಸ್ ಇಲಾಖೆ ಎರಡು. ಈ ಎರಡು ಇಲಾಖೆಗಳ ನಡುವಿನ ಮಾಹಿತಿ ಹಂಚಿಕೆ ಒಪ್ಪಂದದ ಕರಡಿನ ಮಾತುಕತೆಯನ್ನು ತತ್ವದಿಂದ ಶುರು ಮಾಡಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಚಹಾ ಬರುತ್ತದೆ, ಸಭೆ ಮುಗಿಯುತ್ತದೆ. ಅದಕ್ಕೇ ನಾವು ಮೇಜಿನ ಮೇಲೆ ಇಡುವುದು ಖಾಲಿ ಎಕ್ಸೆಲ್ ಹಾಳೆ. ಯಾವ ಕಾಲಂ ಹೋಗಬೇಕು, ಯಾರ ಕೈಗೆ, ಎಷ್ಟು ದಿನಕ್ಕೆ?

ಮೊದಲ ಜಗಳ ನಂಬರ್ ಪ್ಲೇಟ್ ಓದುವ ಕ್ಯಾಮೆರಾದ್ದು: 'ಕ್ಯಾಮೆರಾದಲ್ಲಿ ಬಿದ್ದ ಎಲ್ಲ ಗಾಡಿಗಳ ಪಟ್ಟಿ ಕೊಡಿ' ಎಂಬುದು. ಒಪ್ಪಬೇಡಿ. ಬೇಕಾದ ನಂಬರುಗಳನ್ನಷ್ಟೇ ಆ ಕಡೆಗೆ ಕಳಿಸಿ, 'ಇದೆ' ಅಥವಾ 'ಇಲ್ಲ' ಎಂಬ ಉತ್ತರ ಪಡೆಯಿರಿ. 'ಇದೆ' ಎಂದು ಬಂದರೆ ಮಾತ್ರ ದಾಖಲಾದ ಪ್ರಕರಣದ ಕ್ರೈಂ ನಂಬರ್ ಹಾಕಿ, ಸಮಯ ಮತ್ತು ಫೋಟೊ ಕೇಳುವ ಎರಡನೇ ಪತ್ರ. 2005ರ ಪ್ರ್ಯೂಮ್ ಒಪ್ಪಂದದಲ್ಲಿ ಯುರೋಪಿನ ದೇಶಗಳು ಬೆರಳಚ್ಚು, ಡಿಎನ್‌ಎಗೆ ಹಿಡಿದ ದಾರಿಯೂ ಇದೇ: ಮೊದಲು ಹೋಲಿಕೆ, ಆಮೇಲೆ ಹೆಸರು. ಕ್ಯಾಮೆರಾ 8 ಮತ್ತು ಬಿ, 0 ಮತ್ತು ಓ ಅದಲುಬದಲು ಓದುತ್ತದೆ. ಫೋಟೊವನ್ನು ಕಣ್ಣಿಂದ ನೋಡದೆ ಗಾಡಿ ತಡೆಯುವಂತಿಲ್ಲ ಎಂಬ ಸಾಲು ಇರಲೇಬೇಕು.

ಹೆಸರಿನ ಹುಡುಕಾಟ ಇನ್ನೂ ತ್ರಾಸಿನದು. ಕಾರವಾರದ ನಾಯ್ಕ ಗೋವಾದ ಕಾಣಕೋಣದ ದಾಖಲೆಯಲ್ಲಿ ಬೇರೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಕೂತಿರುತ್ತಾನೆ, ಅದೇ ಹೆಸರಿನ ಇನ್ನಷ್ಟು ಜನರೂ ಇರುತ್ತಾರೆ. ಹೆಸರೊಂದೇ ಹೊಂದಿದರೆ ಅದನ್ನು ಹೋಲಿಕೆ ಎಂದು ಎಣಿಸಬಾರದು. ಜನ್ಮದಿನಾಂಕವೋ ತಂದೆಯ ಹೆಸರೋ ಜೊತೆಗೆ ಹೊಂದಬೇಕು.

ಪ್ರತಿ ಸಾಲಿಗೂ ಇನ್ನೊಂದು ಕಾಲಂ ಸೇರಿಸಿ: ದಾಖಲಾದ ಸಂಗತಿಯೋ, ಅಧಿಕಾರಿಯ ಅನುಮಾನವೋ. ಯುರೋಪಿನ 2016ರ ಪೊಲೀಸ್ ದತ್ತಾಂಶ ನಿರ್ದೇಶನದ 7ನೇ ವಿಧಿ ಇದನ್ನೇ ಹೇಳುತ್ತದೆ. ಈ ಕಾಲಂ ಇಲ್ಲದಿದ್ದರೆ ಇಲ್ಲಿನ ಬೀಟ್ ಪೊಲೀಸರ ಗುಮಾನಿ, ಗಡಿ ದಾಟಿದ ಮೇಲೆ 'ಹಳೆ ಆರೋಪಿ' ಆಗಿಬಿಡುತ್ತದೆ.

'ಪೊಲೀಸರಿಗೆ ಡೇಟಾ ಕಾಯ್ದೆ ಇಲ್ಲವಲ್ಲ' ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 17(1)(ಸಿ) ತನಿಖೆಗೆ ವಿನಾಯಿತಿ ಕೊಡುವುದು ನಿಜ. ಆದರೆ ಆ ವಿನಾಯಿತಿಯಿಂದ 8(1) ಮತ್ತು 8(5) ಹೊರಗಿವೆ. ಅಂದರೆ ಸೋರಿಕೆ ತಡೆಯುವ ಭದ್ರತೆ ಬೇಕೇ ಬೇಕು, ಇಲಾಖೆಯ ಪರವಾಗಿ ದತ್ತಾಂಶ ನೋಡಿಕೊಳ್ಳುವ ಗುತ್ತಿಗೆದಾರನ ತಪ್ಪಿಗೂ ಇಲಾಖೆಯೇ ಹೊಣೆ. ಕಾಯ್ದೆಯ ಪ್ರತಿ ತೆಗೆದು ಆ ಸಾಲು ತೋರಿಸಿದರೆ ಚರ್ಚೆ ಬೇಗ ಮುಗಿಯುತ್ತದೆ.

ಕೋರ್ಟಿಗೆ ಹೋಗುವ ಫೂಟೇಜ್ ಬೇರೆ ವಿಷಯ. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರಕ್ಕೆ ಎರಡು ಭಾಗ: 'ಎ' ಭಾಗ ದಾಖಲೆ ಕೊಡುವವರದು, 'ಬಿ' ಭಾಗ ತಜ್ಞರದು. ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಫೈಲ್ ತುಸು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ, ಬರೆಯಬೇಕು. ಪೆನ್‌ಡ್ರೈವ್ ಕೈ ಬದಲಾಗುವ ಹೊತ್ತಿಗೇ ಹ್ಯಾಶ್ ತೆಗೆದು ಮಹಜರಿನಲ್ಲಿ ಬರೆಸಿ. ಕ್ಯಾಮೆರಾದ ದೃಶ್ಯ ಉಳಿಸುವ ಡಿವಿಆರ್ ಪೆಟ್ಟಿಗೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ, ಆಮೇಲೆ ಮೂಲವೇ ಸಿಗುವುದಿಲ್ಲ. ಹಾಗಾಗಿ 'ಅಳಿಸದೆ ಇಡಿ' ಎಂಬ ಪತ್ರ ಮೊದಲು ಹೋಗಲಿ, ಕೊಡಿ ಎಂಬ ಪತ್ರ ನಿಧಾನಕ್ಕೆ ಬರಲಿ.

ವಿದೇಶದಲ್ಲಿರುವ ಸಾಕ್ಷ್ಯಕ್ಕೆ ಈ ಕರಡು ನಡೆಯದು. ಅದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 112ರಡಿ ಕೋರ್ಟಿನ ವಿನಂತಿ ಪತ್ರವೇ ದಾರಿ.

ಕೊನೆಗೆ ಉಳಿಯುವುದು ವಾಟ್ಸಾಪ್. ಎಷ್ಟು ಚೆಂದದ ಕರಡೂ ಪಟ್ಟಿಯ ಫೋಟೊ ಗ್ರೂಪಿಗೆ ಬಿದ್ದ ಕ್ಷಣ ಸತ್ತಂತೆ. ಎರಡೂ ಕಡೆ ಒಬ್ಬೊಬ್ಬ ನೋಡಲ್ ಅಧಿಕಾರಿ, ಇಲಾಖೆಯ ಇಮೇಲ್ ಮಾತ್ರ, ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಮೂರನೆಯವರಿಗೆ ಇಲ್ಲ. ಹೋಲಿಕೆ ಆಗದ ನಂಬರುಗಳನ್ನು ಅದೇ ದಿನ ಅಳಿಸಿ, ಅಳಿಸಿದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು.