ಸ್ಕೌಟ್ಸ್, ಗೈಡ್ಸ್‌ಗೆ ಮಕ್ಕಳನ್ನು ಸೇರಿಸುವ ಮುನ್ನ ಖರ್ಚಿನ ಲೆಕ್ಕ
ಸದಸ್ಯತ್ವದ ಶುಲ್ಕಕ್ಕಿಂತ ಕೈ ಕಚ್ಚುವುದು ಸಮವಸ್ತ್ರ, ಓಡಾಟ ಮತ್ತು ಶಿಬಿರ. ಸೇರಿಸುವ ದಿನವೇ ದಳದ ನಾಯಕರನ್ನು ಕೇಳಿ: ವರ್ಷಕ್ಕೆ ಎಷ್ಟು ಶಿಬಿರ, ಊಟ-ಬಸ್ಸಿನ ಹಣ ಶುಲ್ಕದಲ್ಲೇ ಸೇರಿದೆಯೇ, ಕಂತಿನಲ್ಲಿ ಕಟ್ಟಬಹುದೇ? ಕೇಳಲು ಸಂಕೋಚ ಬೇಡ.

ಗುಬ್ಬಿ ಕಡೆಯಿಂದ ತುಮಕೂರಿಗೆ ವಾರವಾರ ಬರುವ ಹುಡುಗನಿಗೆ ಹೋಗಿಬರಲು 50 ರೂಪಾಯಿ ಹಿಡಿದರೂ 40 ವಾರಕ್ಕೆ 2,000 ಆಯಿತು. ಹೆಣ್ಣುಮಕ್ಕಳಿಗೆ, ಜೊತೆಗೆ ಬರುವ ತಾಯಿಗೆ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಗುರುತಿನ ಚೀಟಿ ಜೊತೆಗಿರಲಿ.

ಹೆಚ್ಚು ಹಣ ಪೋಲಾಗುವುದು ಬಟ್ಟೆಯಲ್ಲಿ. ಹತ್ತು ವರ್ಷಕ್ಕೆ ಕಬ್ (ಚಿಕ್ಕ ಹುಡುಗರ ವಿಭಾಗ) ಮುಗಿದು ಸ್ಕೌಟ್ ಶುರುವಾಗುತ್ತದೆ, ಸಮವಸ್ತ್ರವೂ ಬದಲಾಗುತ್ತದೆ. ಒಂಬತ್ತೂವರೆಯ ಮಗುವಿಗೆ ಹೊಸ ಕಬ್ ಅಂಗಿ ಹೊಲಿಸಬೇಡಿ. ದೊಡ್ಡ ತರಗತಿಗೆ ಹೋದವರ ಮನೆಯಲ್ಲಿ ಕೇಳಿ ತನ್ನಿ. ಹೊಸ ಪ್ಯಾಂಟ್ ಹೊಲಿಸಿದರೆ ಕೆಳಗೆ ಎರಡು ಇಂಚು ಬಟ್ಟೆ ಒಳಕ್ಕೆ ಮಡಿಸಿ ಹೊಲಿಯಲು ಹೇಳಿ, ಮಗು ಬೆಳೆದಾಗ ಬಿಚ್ಚಿ ಉದ್ದ ಮಾಡಬಹುದು.

ಸ್ಕಾರ್ಫ್ ಮನೆಯಲ್ಲೇ ಆಗುತ್ತದೆ. ದಳದ ಬಣ್ಣ ಮೊದಲು ಖಚಿತಪಡಿಸಿಕೊಂಡು, 80 ಸೆಂ.ಮೀ. ಚೌಕದ ಹತ್ತಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಸ್ಕಾರ್ಫ್. ಓರೆಯಾಗಿ ಕತ್ತರಿಸಿದ ಅಂಚು ಎಳೆದರೆ ಹಿಗ್ಗುತ್ತದೆ, ಆದ್ದರಿಂದ ಅದನ್ನೇ ಮೊದಲು ಮಡಿಸಿ ಹೊಲಿಯಿರಿ.