ಹೆರಿಗೆಯಾದ ಮೂರನೇ ದಿನದ ಬಿಪಿ

ಬಸುರಿಗೆ ಬಿಪಿ ಏರಿದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಹೆರಿಗೆಯಾಯಿತು ಎಂದರೆ ಗಾಬರಿಯೂ ಮುಗಿಯಿತು, ಬಿಪಿ ನೋಡುವುದೂ ನಿಂತಿತು. ಕುಮಟಾ ಕಡೆಯ ನಮ್ಮ ಉಪಕೇಂದ್ರದಲ್ಲಿ ನಾವು ಹೆಚ್ಚು ಬೆವರು ಸುರಿಸಿದ್ದು ಇದನ್ನು ತಪ್ಪಿಸಲಿಕ್ಕೆ.

ಮೊದಲು ಅಳತೆ ಸರಿಯಿರಬೇಕು. ಗುಡ್ಡ ಇಳಿದು ನಡೆದು ಬಂದವಳನ್ನು ಐದು ನಿಮಿಷ ಒರಗಿ ಕೂರಿಸುತ್ತೇವೆ. ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ರವಿಕೆಯ ತೋಳಿನ ಮೇಲೆ ಪಟ್ಟಿ ಸುತ್ತುವುದಿಲ್ಲ. ತೋಳಿನ ಸುತ್ತಳತೆ 33 ಸೆಂ.ಮೀ. ದಾಟಿದರೆ ದೊಡ್ಡ ಪಟ್ಟಿಯೇ ಬೇಕು. ಚಿಕ್ಕದನ್ನು ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿಯಲ್ಲಿ ಬಿಪಿ ಏರಿ ಮೂತ್ರಪಿಂಡದಂಥ ಅಂಗಗಳಿಗೂ ತೊಂದರೆಯಾಗುವ ಕಾಯಿಲೆ, ಇದ್ದವರಲ್ಲಿ ಡಿಜಿಟಲ್ ಯಂತ್ರ ಕಡಿಮೆ ತೋರಿಸುವುದುಂಟು. ಸಂಶಯ ಬಂದರೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತೇವೆ.

ಬಸುರಿಗೆ 20 ವಾರದ ನಂತರ 140/90 ಬಂದರೆ ನಾಲ್ಕು ತಾಸು ಬಿಟ್ಟು ಮತ್ತೊಮ್ಮೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ. 160/110 ಇದ್ದರೆ ಅಷ್ಟು ಕಾಯುವುದಿಲ್ಲ. 15 ನಿಮಿಷದೊಳಗೆ ಇನ್ನೊಮ್ಮೆ ನೋಡಿ ವೈದ್ಯರಿಗೆ ಫೋನ್, 108ಕ್ಕೆ ಕರೆ. ತೀವ್ರ ಲಕ್ಷಣವಿದ್ದರೆ ವೈದ್ಯರ ಆದೇಶದಂತೆ ಹೊರಡುವ ಮೊದಲೇ ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು: ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ. 50% ದ್ರಾವಣದ 2 ಮಿ.ಲೀ. ಆಂಪೂಲಿನಲ್ಲಿರುವುದು 1 ಗ್ರಾಂ, ಹಾಗಾಗಿ ಹತ್ತು ಆಂಪೂಲ್ ಒಂದೇ ಡಬ್ಬಿಯಲ್ಲಿ ಕಟ್ಟಿಟ್ಟಿರುತ್ತೇವೆ. ದೇವಿಮನೆ ಘಟ್ಟದ ತಿರುವಿನಲ್ಲಿ ಫಿಟ್ಸ್ ಬಂದರೆ ಹುಡುಕುತ್ತ ಕೂರಲಾಗದು.

ಇನ್ನು ಬಾಣಂತಿ. ಹೆರಿಗೆಯಾದ ಮೂರರಿಂದ ಆರನೇ ದಿನದಲ್ಲಿ ಬಿಪಿ ಮತ್ತೆ ಏರುತ್ತದೆ. ಅಷ್ಟು ಹೊತ್ತಿಗೆ ಆಕೆ ತವರಿನ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಾಳೆ. ತಲೆ ಸಿಡಿದರೆ ಶೀತವಾಯಿತು ಎಂದು ಕಷಾಯ ಕುದಿಯುತ್ತದೆ. ಅದಕ್ಕೇ ಎಂಟನೇ ತಿಂಗಳಲ್ಲೇ ಬಾಣಂತನ ಎಲ್ಲಿ ಎಂದು ಕೇಳಿ, ಆ ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ತಾಯಿ ಕಾರ್ಡಿನಲ್ಲಿ ಬರೆಯುತ್ತೇವೆ. ಆಶಾ ಮನೆಗೆ ಹೋಗುವ 3 ಮತ್ತು 7ನೇ ದಿನ ಬಿಪಿ ಯಂತ್ರವೂ ಜೊತೆಗೆ ಹೋಗುತ್ತದೆ. ಮಾತು ಬಾಣಂತಿಗಿಂತ ಅವಳ ತಾಯಿಗೆ ನಾಟಬೇಕು: “ಆಯಿ, ತಲೆನೋವು, ಕಣ್ಣು ಮಂಜು, ಎದೆಗುಳಿಯಲ್ಲಿ ನೋವು ಬಂದರೆ ಮೊದಲು ನಮಗೆ ಫೋನ್ ಮಾಡಿ, ಕಷಾಯ ಆಮೇಲೆ.” ಮಗುವಿಗೆ ಹಾಲಿನಲ್ಲಿ ಹೋಗುತ್ತದೆಂದು ಬಿಪಿ ಮಾತ್ರೆ ನಿಲ್ಲಿಸುವವರು ಬಹಳ. ಹಾಲೂಡಿಸುವಾಗಲೂ ಸಲ್ಲುವ ಮಾತ್ರೆಗಳಿವೆ, ನಿಫೆಡಿಪಿನ್ ಅಂಥದ್ದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮಟ್ಟಸ ಮಲಗಿದರೆ ಉಬ್ಬಸ, ರಾತ್ರಿ ಕೆಮ್ಮು, ಕಾಲು ಬಾವು: ಇದನ್ನು ಬಾಣಂತಿಯ ನಿಶ್ಶಕ್ತಿ ಎಂದು ಬಿಡುವಂತಿಲ್ಲ. ಕೊನೆಯ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳವರೆಗೆ ಹೃದಯದ ಸ್ನಾಯುವೇ ಸೋಲಬಹುದು. ಬಿಪಿ ಏರಿದ್ದವರಿಗೆ ಆ ಅಪಾಯ ಹೆಚ್ಚು. ಇಸಿಜಿ ಸಾಲದು, ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಬೇಕು.

ಹೆರಿಗೆಯಾಗಿ 12 ವಾರಕ್ಕೆ ಬಿಪಿ, ಮೂತ್ರ, ಸಕ್ಕರೆ ನೋಡಿ, ಮುಂದೆ ವರ್ಷಕ್ಕೊಮ್ಮೆ. ಪ್ರಿಎಕ್ಲಾಂಪ್ಸಿಯಾ ಆಗಿದ್ದವರಿಗೆ ಮುಂದೆ ಹೃದಯಾಘಾತ, ಪಾರ್ಶ್ವವಾಯುವಿನ ಸಂಭವ ಸುಮಾರು ಎರಡು ಪಟ್ಟು. ಹಾಗಾಗಿ 30 ದಾಟಿದವರ ತಪಾಸಣೆಯಲ್ಲಿ ‘ಬಸುರಿಯಿದ್ದಾಗ ಬಿಪಿ ಇತ್ತೇ?’ ಎಂದು ನಾವಾಗಿಯೇ ಕೇಳುತ್ತೇವೆ. ಬಿಪಿ ಇಳಿಯದೆ ಉಳಿದವರಿಗೆ ದಿನಾ ಒಣಮೀನು, ಉಪ್ಪಿನಕಾಯಿ ಬೇಡ. ಬಸುರಿಯರಿಗೆ ಮಾತ್ರ ಉಪ್ಪು ಪೂರಾ ನಿಲ್ಲಿಸಬಾರದು, ಅದರಿಂದ ಪ್ರಿಎಕ್ಲಾಂಪ್ಸಿಯಾ ತಡೆಯುವುದಿಲ್ಲ.

ಪ್ರಿಎಕ್ಲಾಂಪ್ಸಿಯಾ ಆಗಿದ್ದವರು ಮತ್ತೆ ಬಸುರಿಯಾದರೆ ವೈದ್ಯರು 12 ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ. 16 ವಾರ ದಾಟಿದರೆ ಅದರ ಲಾಭ ಕಡಿಮೆ. ಮುಟ್ಟು ತಪ್ಪಿದ ತಿಂಗಳೇ ಬನ್ನಿ ಎಂದು ನಾವು ಪಟ್ಟು ಹಿಡಿಯುವುದು ಇದಕ್ಕೇ.