ಎಸ್ಟೋನಿಯಾದಲ್ಲಿ ಮನೆಯಿಂದಲೇ ವೋಟು ಹಾಕುವುದು ಹೀಗೆ

ಯುರೋಪಿನ ಪುಟ್ಟ ದೇಶ ಎಸ್ಟೋನಿಯಾದಲ್ಲಿ 2005ರಿಂದಲೇ ಇಂಟರ್ನೆಟ್ ಮತದಾನ ಇದೆ. 2023ರ ಸಂಸತ್ ಚುನಾವಣೆಯಲ್ಲಂತೂ ಅರ್ಧಕ್ಕಿಂತ ಜಾಸ್ತಿ ವೋಟು ಹೀಗೇ ಬಿದ್ದವು. ನೀವು ಅಲ್ಲಿನ ಮತದಾರರಾಗಿದ್ದರೆ, ಇಲ್ಲವೇ ಇದು ಹೇಗೆ ನಡೆಯುತ್ತದೆ ಅನ್ನೋ ಕುತೂಹಲ ಇದ್ದರೆ, ಮುಂದೆ ಓದಿ.

ಮೊದಲು ಐಡಿ ಕಾರ್ಡ್, ಅಂದರೆ ಸರ್ಕಾರ ಕೊಡೋ ಚಿಪ್ ಇರುವ ಗುರುತಿನ ಚೀಟಿ, ನೋಡಿಕೊಳ್ಳಿ. ಅವಧಿ ಮುಗಿದಿಲ್ಲ ತಾನೇ? ಕಾರ್ಡಿಗೆ ಎರಡು ಪಿನ್ ಇವೆ: ಪಿನ್ 1 ನೀವು ಯಾರು ಅಂತ ತೋರಿಸೋಕೆ, ಪಿನ್ 2 ಡಿಜಿಟಲ್ ಸಹಿ ಹಾಕೋಕೆ. ಮೂರು ಸಲ ತಪ್ಪು ಒತ್ತಿದರೆ ಪಿನ್ ಲಾಕ್ ಆಗುತ್ತದೆ, ಹಾಗಾಗಿ ಎರಡನ್ನೂ ಮೊದಲೇ ಹುಡುಕಿಟ್ಟುಕೊಳ್ಳಿ. ಕಾರ್ಡಿನ ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಮುಂದೂಡಬೇಡಿ. 2017ರಲ್ಲಿ ಚಿಪ್ಪಿನಲ್ಲೇ ದೋಷ ಸಿಕ್ಕಿ ಸುಮಾರು 7.5 ಲಕ್ಷ ಕಾರ್ಡ್‌ಗಳಿಗೆ ಬಿಸಿ ತಟ್ಟಿತ್ತು. ಕಾರ್ಡನ್ನು ಕಂಪ್ಯೂಟರಿಗೆ ಓದಿಸೋ ಕಾರ್ಡ್ ರೀಡರ್ ಇಲ್ಲದವರಿಗೆ ಮೊಬೈಲ್ ಐಡಿ, ಅಂದರೆ ಫೋನಿನ ಸಿಮ್‌ನಲ್ಲೇ ಇರುವ ಗುರುತು, ಇದೆ.

ಚುನಾವಣೆ ನಡೆಯೋದು ಭಾನುವಾರ; ಆನ್‌ಲೈನ್ ವೋಟಿಗೆ ಅದಕ್ಕೆ ಮುಂಚಿನ ಸೋಮವಾರ ಬೆಳಿಗ್ಗೆ 9ರಿಂದ ಶನಿವಾರ ರಾತ್ರಿ 8ರವರೆಗೆ ಸಮಯ. ಮತದಾನದ ಆ್ಯಪನ್ನು ಚುನಾವಣಾ ಕಚೇರಿಯ ಜಾಲತಾಣದಿಂದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಪಿನ್ 1 ಹಾಕಿ, ಅಭ್ಯರ್ಥಿಯನ್ನು ಆರಿಸಿ, ಪಿನ್ 2 ಹಾಕಿ. ಅಷ್ಟೇ.

ಆಗ ಪರದೆ ಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಕೆಲಸ ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ಚಬೇಡಿ! ಅರ್ಧ ಗಂಟೆಯೊಳಗೆ ಫೋನಿನ ಪರಿಶೀಲನಾ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿ, ಸರ್ವರ್‌ಗೆ ತಲುಪಿದ ವೋಟು ಯಾರಿಗೆ ಅಂತ ಅದು ತೋರಿಸುತ್ತದೆ. ಕಂಪ್ಯೂಟರಿನಲ್ಲಿ ವೈರಸ್ ಇದ್ದು ನಿಮಗೊಂದು ಹೆಸರು ತೋರಿಸಿ ಇನ್ನೊಂದು ಕಳಿಸಿದ್ದರೆ, ಅದು ಬಯಲಾಗೋದು ಇಲ್ಲೇ. ಅದಕ್ಕೇ ಬೇರೆ ಸಾಧನ ಬೇಕು. ಪಕ್ಕದಲ್ಲಿ ಯಾರೂ ಇಲ್ಲದಾಗ ನೋಡಿ.

ಮನೆಯಲ್ಲಿ ಹಾಕೋ ವೋಟಿಗೆ ದೊಡ್ಡ ಅಪಾಯ ಹ್ಯಾಕರ್‌ಗಿಂತ ಪಕ್ಕದಲ್ಲಿ ಕೂತವರದು ಅಂತ ನನ್ನ ಅಭಿಪ್ರಾಯ. ಗಂಡನೋ ಮಾಲೀಕನೋ ಎದುರು ನಿಂತು ‘ಇವರಿಗೇ ಒತ್ತು’ ಅಂದರೆ ಏನು ಮಾಡೋದು? ಒತ್ತಿಬಿಡಿ. ಆಮೇಲೆ ಒಬ್ಬರೇ ಇದ್ದಾಗ ಇನ್ನೊಮ್ಮೆ ಹಾಕಿ. ಎಷ್ಟು ಸಲ ಬೇಕಾದರೂ ಹಾಕಬಹುದು, ಕೊನೆಯದಷ್ಟೇ ಎಣಿಕೆಗೆ ಬರುತ್ತದೆ. ದುಡ್ಡು ಕೊಟ್ಟು ವೋಟು ಕೊಳ್ಳುವವನಿಗೂ ಇದರಿಂದ ಖಾತರಿ ಸಿಗಲ್ಲ. ವೋಟು ಹಾಕೋಕೆ ಊರಿಗೇ ಬರಬೇಕಾದ ನಮ್ಮ ಅನಿವಾಸಿ ಕನ್ನಡಿಗರು ಆನ್‌ಲೈನ್ ಮತದಾನ ಕೇಳುವಾಗ ಮತ್ತೆ ಹಾಕೋ ಈ ಸೌಲಭ್ಯವನ್ನೂ ಸೇರಿಸಿಯೇ ಕೇಳಲಿ.

ಶನಿವಾರ ರಾತ್ರಿಯವರೆಗೂ ಒಬ್ಬರೇ ಇರೋ ಸಮಯ ಸಿಗಲಿಲ್ವಾ? ಭಾನುವಾರ ಮತಗಟ್ಟೆಗೆ ಹೋಗಿ ಕಾಗದದ ವೋಟು ಹಾಕಿ, ಆನ್‌ಲೈನ್‌ನಲ್ಲಿ ಹಾಕಿದ್ದು ರದ್ದಾಗುತ್ತದೆ.